ನಾವಿಕರು ಏಕೆ ಹೊರಟರು? ಜುರಾರನ ಕಾರಣಗಳು, ಗಾಮನ ದಿನಚರಿ ಮತ್ತು ಸಾವಳಗಿಯ ಒಂದು ಪ್ರಶ್ನೆ

ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ, ಕಬ್ಬಿನ ಹೊಲಗಳಿಂದ ಮರಳಿದವರು ಕೈಕಾಲು ತೊಳೆದು ಬಂದು ಕುಳಿತಿದ್ದ ಒಂದು ಸಂಜೆಯ ಪ್ರಾರ್ಥನಾಕೂಟದಲ್ಲಿ, ನಾವು ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ವಿವರಿಸಿದೆವು. ಪೌಲನು ಕೈದಿಯಾಗಿ ರೋಮಿನ ಕಡೆಗೆ ಸಾಗಿದ ಪ್ರಯಾಣ, ಬಿರುಗಾಳಿ, ಸಮುದ್ರಕ್ಕೆ ಸುರಿದ ಗೋದಿ. ಕೂಟ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ನಿಂತು, ‘ಅಯ್ಯನವರ, ಪೌಲನ್ನ ಹಿಡಕೊಂಡು ಹೋದ್ರು ಅಂತ ಅಂವ ಹಡಗ ಹತ್ತಿದ. ಆದ್ರ ಆ ಪೋರ್ಚುಗೀಸ ಮಂದಿ ಯಾಕ ಹತ್ತಿದ್ರು? ನಮ್ಮ ಮೊಮ್ಮಗಗ ಸಾಲ್ಯಾಗ ಹುಡುಗ್ರು, ನಿಮ್ಮ ದೇವ್ರು ಹಡಗದಾಗ ಬಂದಾನ ಅಂತಾರಂತ. ಖರೇ ಏನೈತಿ ಹೇಳ್ರಿ’ ಎಂದರು.

ನಾವು ಕೊಟ್ಟದ್ದು ವಾಡಿಕೆಯ ಉತ್ತರವನ್ನೇ. ನಾವಿಕರು ಲಾಭಕ್ಕಾಗಿ ಬಂದರೂ ದೇವರು ಅವರ ಹಡಗುಗಳನ್ನು ಬಳಸಿಕೊಂಡು ಸುವಾರ್ತೆಗೆ ಬಾಗಿಲು ತೆರೆದನು ಎಂದೆವು. ಹಿರಿಯರು ತಲೆಯಾಡಿಸಿದರು. ಅದು ನಮ್ಮ ಮೇಲಿನ ಗೌರವದಿಂದಲೇ ಹೊರತು ಉತ್ತರವು ಒಪ್ಪಿಗೆಯಾದದ್ದರಿಂದಲ್ಲವೆಂಬುದು ಅವರ ಮುಖದಲ್ಲಿಯೇ ಕಾಣುತ್ತಿತ್ತು. ಮರಳಿ ಬರುವ ದಾರಿಯಲ್ಲಿ ನಮಗೂ ಆ ಉತ್ತರ ಒಪ್ಪಿಗೆಯಾಗಲಿಲ್ಲ. ಅದನ್ನು ನಾವು ಎಲ್ಲಿ ಕಲಿತೆವು, ಅದಕ್ಕೆ ಆಧಾರವಾದ ಗ್ರಂಥಗಳು ನಿಜವಾಗಿ ಏನು ಹೇಳುತ್ತವೆ ಎಂಬುದನ್ನು ಮತ್ತೊಮ್ಮೆ ಓದಿ ನೋಡಬೇಕೆನಿಸಿತು. ಈ ಲೇಖನ ಆ ಓದಿನ ಫಲ.

ನಾವಿಕರ ಉದ್ದೇಶವನ್ನು ಕುರಿತು ನಮ್ಮಲ್ಲಿ ಎರಡು ಬಗೆಯ ಮಾತುಗಳು ಪ್ರಚಲಿತವಾಗಿವೆ. ಪ್ರಸಂಗಪೀಠದಲ್ಲಿ ಅವರು ದೈವಸಂಕಲ್ಪದ ಸಾಧನಗಳು. ಪಾಠಶಾಲೆಯ ಪುಸ್ತಕದಲ್ಲಿ ಅವರು ಮೆಣಸಿನ ವ್ಯಾಪಾರಿಗಳು, ಧರ್ಮವು ಅವರ ಮುಖವಾಡ. ಒಂದು ಭಕ್ತಿಯ ಮಾತು, ಇನ್ನೊಂದು ಅನುಮಾನದ ಮಾತು. ಎರಡೂ ಒಂದು ಊಹೆಯನ್ನು ಹಂಚಿಕೊಂಡಿವೆ: ಭಕ್ತಿ ಮತ್ತು ಲಾಭ ಎಂಬಿವು ಬೇರೆ ಬೇರೆ ವಸ್ತುಗಳು, ಒಂದನ್ನು ತೆಗೆದು ಇನ್ನೊಂದನ್ನು ಉಳಿಸಬಹುದು ಎಂಬ ಊಹೆ. ಮೂಲಗ್ರಂಥಗಳು ಈ ಊಹೆಗೆ ಆಸ್ಪದ ಕೊಡುವುದಿಲ್ಲ.

ಮೊದಲು ಜುರಾರನನ್ನು ನೋಡೋಣ. ಗೋಮೆಸ್ ಯಾನೆಸ್ ದ ಜುರಾರಾ ಪೋರ್ಚುಗಲ್ಲಿನ ಅರಮನೆಯ ಇತಿಹಾಸಕಾರ. ರಾಜಕುಮಾರ ಹೆನ್ರಿಯ ಆಜ್ಞೆಯಂತೆ ಆಫ್ರಿಕದ ಪಶ್ಚಿಮ ಕರಾವಳಿಗೆ ಹೋದ ಹಡಗುಗಳ ಚರಿತ್ರೆಯನ್ನು ಅವನು 1453ರ ಸುಮಾರಿಗೆ ಬರೆದು ಮುಗಿಸಿದನು. ಆ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಹೆನ್ರಿಯು ಏಕೆ ಹಡಗುಗಳನ್ನು ಕಳುಹಿಸಿದನೆಂಬುದಕ್ಕೆ ಐದು ಕಾರಣಗಳನ್ನು ಕ್ರಮವಾಗಿ ಕೊಡುತ್ತಾನೆ. ಬೊಜದೋರ್ ಭೂಶಿರದ ಆಚೆ ಏನಿದೆ ಎಂದು ತಿಳಿಯುವ ಬಯಕೆ ಮೊದಲನೆಯದು. ಅಲ್ಲಿ ಕ್ರೈಸ್ತರಿದ್ದರೆ ಅವರೊಡನೆ ವ್ಯಾಪಾರ ನಡೆಸುವುದು ಎರಡನೆಯದು. ಮುಸಲ್ಮಾನರ ಬಲ ಎಷ್ಟು ದೂರಕ್ಕೆ ಹಬ್ಬಿದೆ ಎಂದು ಅಳೆಯುವುದು, ಅವರ ವಿರುದ್ಧ ನೆರವಾಗಬಲ್ಲ ಕ್ರೈಸ್ತ ಅರಸನೊಬ್ಬನನ್ನು ಹುಡುಕುವುದು, ಇವು ಮೂರನೆಯ ಮತ್ತು ನಾಲ್ಕನೆಯವು. ನಾಶವಾಗುತ್ತಿರುವ ಆತ್ಮಗಳನ್ನು ರಕ್ಷಣೆಗೆ ತರುವುದು ಐದನೆಯದು. ಇಷ್ಟು ಹೇಳಿ ಜುರಾರನು ನಿಲ್ಲುವುದಿಲ್ಲ. ಈ ಐದಕ್ಕೂ ಬೇರಿನಂತಿರುವ ಆರನೆಯ ಕಾರಣವೊಂದಿದೆ ಎನ್ನುತ್ತಾನೆ: ಹೆನ್ರಿಯ ಜನ್ಮಕುಂಡಲಿ! ರಾಜಕುಮಾರನು ಮೇಷಲಗ್ನದಲ್ಲಿ ಹುಟ್ಟಿದವನು, ಕುಜನ ಪ್ರಭಾವವುಳ್ಳವನು, ಆದ್ದರಿಂದ ಗುಪ್ತವಾದದ್ದನ್ನು ಬಯಲಿಗೆಳೆಯುವುದು ಅವನ ಹಣೆಬರಹವಾಗಿತ್ತು ಎಂಬುದು ಅದರ ತಾತ್ಪರ್ಯ. ಮುಹೂರ್ತ ನೋಡಿ ಬಾವಿ ತೋಡಿಸುವ ನಮ್ಮ ಸಭಿಕರನ್ನು ಗದರುವ ಸಭಾಪಾಲಕರು ಈ ಅಧ್ಯಾಯವನ್ನು ಒಮ್ಮೆ ಓದಬೇಕು.

ಈ ಪಟ್ಟಿಯನ್ನು ಓದುವವರಲ್ಲಿ ಅನೇಕರು ಐದನೆಯ ಕಾರಣವನ್ನು ಹಿಡಿದುಕೊಂಡು, ನೋಡಿರಿ, ಆತ್ಮರಕ್ಷಣೆಯೂ ಇತ್ತು ಎನ್ನುತ್ತಾರೆ. ಇತ್ತು, ನಿಜ. ಜುರಾರನು ಸುಳ್ಳು ಹೇಳುತ್ತಿದ್ದಾನೆಂದು ನಾವು ಭಾವಿಸುವುದಿಲ್ಲ. ಆದರೆ ಒಬ್ಬ ಗ್ರಂಥಕರ್ತನು ಏಳನೆಯ ಅಧ್ಯಾಯದಲ್ಲಿ ಹೇಳಿದ ಕಾರಣದ ಅರ್ಥವೇನೆಂಬುದನ್ನು ಅವನೇ ಇಪ್ಪತ್ತೈದನೆಯ ಅಧ್ಯಾಯದಲ್ಲಿ ತೋರಿಸಿದ್ದರೆ, ಆ ಎರಡನ್ನೂ ಒಟ್ಟಿಗೆ ಓದುವುದು ವಿಮರ್ಶೆಯ ಮೊದಲ ಧರ್ಮ. ಇಪ್ಪತ್ತೈದನೆಯ ಅಧ್ಯಾಯದಲ್ಲಿ 1444ರ ಆಗಸ್ಟ್ 8ರ ಬೆಳಗಿನ ಜಾವ ಲಾಗೋಸ್ ಎಂಬ ಬಂದರಿನ ಹೊರಗಿನ ಬಯಲಿದೆ. ಆಫ್ರಿಕದಿಂದ ಹಿಡಿದು ತಂದ 235 ಮಂದಿಯನ್ನು ಅಲ್ಲಿ ನಿಲ್ಲಿಸಿ ಪಾಲು ಮಾಡಲಾಯಿತು. ತಂದೆಯನ್ನು ಮಗನಿಂದ, ಗಂಡನನ್ನು ಹೆಂಡತಿಯಿಂದ ಬಿಡಿಸಿ ಬೇರೆ ಬೇರೆ ಗುಂಪಿಗೆ ಸೇರಿಸಿದರು. ತಾಯಂದಿರು ಮಕ್ಕಳನ್ನು ಅವಚಿಕೊಂಡು ನೆಲಕ್ಕೆ ಬಿದ್ದರು. ಇದನ್ನು ಬರೆಯುತ್ತಾ ಜುರಾರನು ಅಳುತ್ತಾನೆ; ಅವರೂ ಆದಾಮನ ಸಂತತಿಯೇ ಎಂದು ತನಗೆ ತಾನೇ ನೆನಪಿಸಿಕೊಳ್ಳುತ್ತಾನೆ. ಹೆನ್ರಿಯು ಬಲಿಷ್ಠವಾದ ಕುದುರೆಯ ಮೇಲೆ ಕುಳಿತು ತನ್ನ ಐದನೆಯ ಒಂದು ಪಾಲಾದ 46 ಮಂದಿಯನ್ನು ಪಡೆದು ಬೇಗನೆ ಹಂಚಿಬಿಟ್ಟನು. ಕೆಟ್ಟುಹೋಗಲಿದ್ದ ಆತ್ಮಗಳು ಉಳಿದವೆಂಬುದೇ ಅವನ ಸಂತೋಷವೆಂದು ಜುರಾರನು ಸೇರಿಸುತ್ತಾನೆ. ಅದಕ್ಕೂ ಮೊದಲೇ, ಬಂದವರಲ್ಲಿ ಉತ್ತಮನಾದ ಒಬ್ಬನನ್ನು ಆ ಊರಿನ ದೇವಾಲಯಕ್ಕೆ ಕಾಣಿಕೆಯಾಗಿ ಕೊಟ್ಟಿದ್ದರು. ಒಬ್ಬ ಹುಡುಗನನ್ನು ಮಠಕ್ಕೆ ಕಳುಹಿಸಿದರು. ಅವನು ಮುಂದೆ ಫ್ರಾನ್ಸಿಸ್ಕನ್ ಸನ್ಯಾಸಿಯಾದನು.

ಐದನೆಯ ಕಾರಣವು ಹುಸಿಯಾಗಿರಲಿಲ್ಲ ಎಂಬುದೇ ಇಲ್ಲಿಯ ಭಯಂಕರ ಸಂಗತಿ. ಆ ಹುಡುಗನು ನಿಜವಾಗಿಯೂ ಕ್ರೈಸ್ತನಾದನು. ಜುರಾರನ ಕಣ್ಣೀರೂ ನಿಜವಾದದ್ದೇ. ಭಕ್ತಿಯು ಇಲ್ಲಿ ಲಾಭದ ಮುಖವಾಡವಲ್ಲ. ಅದು ಲಾಭವನ್ನು ಸಹಿಸಿಕೊಳ್ಳುವಂತೆ ಮಾಡಿದ ಔಷಧ. ಅಳುತ್ತಲೇ ಪಾಲು ಮಾಡಬಹುದಾದ ಮನಸ್ಸನ್ನು ತಯಾರಿಸಿದ ಔಷಧ. 1455ರ ಜನವರಿ 8ರಂದು ಐದನೆಯ ನಿಕೊಲಸ್ ಪೋಪರು ಹೊರಡಿಸಿದ ಆಜ್ಞಾಪತ್ರವು ಇಂಥ ದಾಸ್ಯಕ್ಕೆ ಸಭೆಯ ಮುದ್ರೆಯನ್ನೊತ್ತಿತು. ಅದರ ಮೇಲೆ ಬೆಳೆದ ‘ಕಂಡುಹಿಡಿದವನದೇ ಹಕ್ಕು’ ಎಂಬ ಸಿದ್ಧಾಂತವನ್ನು ಸಭೆಗಳ ಜಾಗತಿಕ ಮಂಡಲಿ 2012ರಲ್ಲಿಯೂ ವ್ಯಾಟಿಕನ್ 2023ರ ಮಾರ್ಚಿಯಲ್ಲಿಯೂ ತಳ್ಳಿಹಾಕಿದವು. ನಮ್ಮ ಸೆಮಿನರಿಗಳಲ್ಲಿ ಈ ತಳ್ಳಿಹಾಕುವಿಕೆಯನ್ನು ಕುರಿತು ನಡೆದ ಚರ್ಚೆ ಅತ್ಯಲ್ಪ.

ಜುರಾರನು ಪ್ರಾರಂಭಿಸಿದ ಕಥೆ ನಮ್ಮ ಕರಾವಳಿಗೆ ಬಂದು ಮುಟ್ಟಿದ್ದು 1498ರಲ್ಲಿ. ವಾಸ್ಕೊ ದ ಗಾಮನ ಮೊದಲ ಪ್ರಯಾಣವನ್ನು ಕುರಿತು ಹಡಗಿನಲ್ಲಿದ್ದವನೊಬ್ಬನು ಬರೆದ ದಿನಚರಿಯ ಹಸ್ತಪ್ರತಿಯೊಂದು ಉಳಿದುಬಂದಿದೆ, 1838ರಲ್ಲಿ ಅಚ್ಚಾಯಿತು. ಬರೆದವನ ಹೆಸರಿಲ್ಲ, ಆಲ್ವಾರೊ ವೆಲ್ಯೊ ಎಂಬವನು ಬರೆದದ್ದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಶೈಲಿಯಲ್ಲಿ ಆಡಂಬರವಿಲ್ಲ, ಕಂಡದ್ದನ್ನು ಕಂಡಂತೆ ಬರೆಯುವ ಸ್ವಭಾವ. ಕಾಮೊಯಿಂಶನು 1572ರಲ್ಲಿ ಇದೇ ಪ್ರಯಾಣವನ್ನು ಮಹಾಕಾವ್ಯವಾಗಿಸಿ ಪುರಾಣದ ದೇವತೆಗಳನ್ನೂ ಸಮುದ್ರಕ್ಕಿಳಿಸಿದನು. ಆ ಕಾವ್ಯದಲ್ಲಿಯೂ ಹಡಗುಗಳು ಹೊರಡುವಾಗ ದಡದಲ್ಲಿ ನಿಂತು ಈ ಕೀರ್ತಿಯ ಹುಚ್ಚನ್ನು ಶಪಿಸುವ ಮುದುಕನೊಬ್ಬನಿದ್ದಾನೆ ಎಂಬುದು ಕವಿಗೆ ಸಲ್ಲಬೇಕಾದ ಗೌರವ. ಆದರೆ ನಮ್ಮ ಕೆಲಸಕ್ಕೆ ಬೇಕಾದದ್ದು ದಿನಚರಿ.

ಈ ದಿನಚರಿಯಿಂದ ಎಲ್ಲರೂ ಉದ್ಧರಿಸುವ ಸಂಗತಿ ಒಂದೇ. 1498ರ ಮೇ ತಿಂಗಳಿನಲ್ಲಿ ಕಲ್ಲಿಕೋಟೆಯ ಬಳಿ ಹಡಗುಗಳು ಲಂಗರು ಹಾಕಿದಾಗ ಒಬ್ಬನು ದಡಕ್ಕೆ ಹೋದನು. ಅಲ್ಲಿ ಟ್ಯುನಿಸ್ ಊರಿನ ಇಬ್ಬರು ಮುಸಲ್ಮಾನರು ಅವನಿಗೆ ಪರಿಚಿತವಾದ ಭಾಷೆಯಲ್ಲಿಯೇ ಬೈದು, ಇಲ್ಲಿಗೇಕೆ ಬಂದೆ ಎಂದು ಕೇಳಿದರು. ಕ್ರೈಸ್ತರನ್ನೂ ಸಂಬಾರ ಪದಾರ್ಥಗಳನ್ನೂ ಹುಡುಕಿಕೊಂಡು ಬಂದೆವು ಎಂಬುದು ಅವನ ಉತ್ತರ. ಪ್ರಸಂಗಿಗಳು ಈ ಉತ್ತರದ ಮೊದಲರ್ಧವನ್ನೂ ಚರಿತ್ರಕಾರರು ಎರಡನೆಯ ಅರ್ಧವನ್ನೂ ಎತ್ತಿ ಆಡುತ್ತಾರೆ. ಇಬ್ಬರೂ ಎರಡು ವಿಷಯಗಳನ್ನು ಗಮನಿಸಿದಂತೆ ತೋರುವುದಿಲ್ಲ.

ಉತ್ತರ ಕೊಟ್ಟವನು ಯಾರು? ಗಾಮನಲ್ಲ, ಕಪ್ತಾನನಲ್ಲ, ಪಾದ್ರಿಯೂ ಅಲ್ಲ. ಅವನು ಶಿಕ್ಷೆಗೊಳಗಾದ ಒಬ್ಬ ಅಪರಾಧಿ. ಅಪರಿಚಿತ ದಡದಲ್ಲಿ ಸತ್ತರೂ ನಷ್ಟವಿಲ್ಲವೆಂದು ಮೊದಲು ಇಳಿಸುವುದಕ್ಕಾಗಿಯೇ ಇಂಥವರನ್ನು ಹಡಗಿನಲ್ಲಿ ಒಯ್ಯುತ್ತಿದ್ದರು. ಏಕೆ ಬಂದೆ ಎಂಬ ಪ್ರಶ್ನೆಗೆ ಅವನ ಸ್ವಂತ ಉತ್ತರ, ನನಗೆ ಶಿಕ್ಷೆಯಾಗಿತ್ತು, ಅದಕ್ಕೆ ಬಂದೆ ಎಂಬುದಾಗಬೇಕಿತ್ತು. ಅವನ ಬಾಯಿಂದ ಬಂದದ್ದು ಹಡಗಿನ ಉತ್ತರ, ಕಲಿಸಿಕೊಟ್ಟ ಉತ್ತರ. ಸಮುದ್ರಯಾನದ ಉದ್ದೇಶವನ್ನು ಕುರಿತು ಮಾತನಾಡುವಾಗ ನಾವು ಯಾವಾಗಲೂ ಅರಸನ ಅಥವಾ ನಾಯಕನ ಉದ್ದೇಶವನ್ನೇ ಎಲ್ಲರ ಉದ್ದೇಶವೆಂದು ತಿಳಿಯುತ್ತೇವೆ. ಹಡಗಿನ ತಳದಲ್ಲಿ ಕೂಲಿಗಾಗಿ ಬಂದವರಿದ್ದರು, ಬಲವಂತದಿಂದ ಬಂದವರಿದ್ದರು, ಒಸಡು ಊದಿ ಹಲ್ಲು ಮುಚ್ಚಿಹೋಗುವ ರೋಗದಿಂದ ಸತ್ತವರಿದ್ದರು. ಹೊರಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಲಿಸ್ಬನ್ನಿಗೆ ಹಿಂದಿರುಗಲಿಲ್ಲ. ನಡೆಸಲು ಆಳುಗಳು ಉಳಿಯದ ಕಾರಣ ಹಡಗೊಂದನ್ನು ದಾರಿಯಲ್ಲಿ ಸುಟ್ಟರು. ಗಾಮನ ಅಣ್ಣ ಪಾವುಲೊ ಊರು ಮುಟ್ಟುವ ಮೊದಲೇ ತೀರಿಕೊಂಡನು. ಕಬ್ಬು ಕಡಿಯುವ ಗ್ಯಾಂಗಿನವರನ್ನು ಹತ್ತಿರದಿಂದ ಬಲ್ಲ ಸಾವಳಗಿಯ ಸಭೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆ ಏಕೆ ನಡೆಯುತ್ತದೆ ಎಂಬುದು ಒಂದು ಪ್ರಶ್ನೆ. ಗ್ಯಾಂಗಿನವನು ಹೆಂಡಿರು ಮಕ್ಕಳೊಡನೆ ಏಕೆ ಊರು ಬಿಟ್ಟು ಬಂದ ಎಂಬುದು ಇನ್ನೊಂದು.

ಇನ್ನು ‘ಕ್ರೈಸ್ತರನ್ನು ಹುಡುಕುವುದು’ ಎಂಬ ಮಾತಿನ ಅರ್ಥ. ಇದನ್ನು ಸುವಾರ್ತಾಸೇವೆ ಎಂದು ಓದುವುದು ನಮ್ಮ ಕಾಲದ ಅಭ್ಯಾಸವನ್ನು ಹದಿನೈದನೆಯ ಶತಮಾನದ ಮೇಲೆ ಹೇರಿದಂತೆ. ಅವರು ಹುಡುಕಿದ್ದು ಕ್ರೈಸ್ತರಾಗಬಹುದಾದವರನ್ನಲ್ಲ, ಆಗಲೇ ಕ್ರೈಸ್ತರಾಗಿರುವವರನ್ನು. ಜುರಾರನ ನಾಲ್ಕನೆಯ ಕಾರಣದಲ್ಲಿ ಬರುವ, ಮುಸಲ್ಮಾನರ ಬೆನ್ನ ಹಿಂದಿನಿಂದ ಬಡಿಯಲು ನೆರವಾಗುವ ಕ್ರೈಸ್ತ ಅರಸನನ್ನು. ಪ್ರೆಸ್ಟರ್ ಜಾನ್ ಎಂಬ ಕಾಲ್ಪನಿಕ ದೊರೆಗೆ ಬರೆದ ಪತ್ರವೂ ಗಾಮನ ಬಳಿ ಇತ್ತು. ಹುಡುಕಾಟದ ಈ ಆತುರದಿಂದಲೇ ಕಲ್ಲಿಕೋಟೆಯ ದೇವಸ್ಥಾನವೊಂದು ಅವರ ಕಣ್ಣಿಗೆ ಇಗರ್ಜಿಯಾಗಿ ಕಂಡಿತು. ದೇವಿಯ ವಿಗ್ರಹವನ್ನು ಮರಿಯಮ್ಮನೆಂದು ಭಾವಿಸಿ ಅವರು ಪ್ರಾರ್ಥಿಸಿದರು. ಗೋಡೆಯ ಮೇಲಿನ ನಾಲ್ಕೈದು ಕೈಗಳುಳ್ಳ, ಕೋರೆಹಲ್ಲಿನ ಚಿತ್ರಗಳು ಸಂತರವೆಂದು ದಿನಚರಿಕಾರನು ಶಾಂತವಾಗಿ ಬರೆಯುತ್ತಾನೆ. ಈ ಪ್ರಸಂಗವನ್ನು ನಗುತ್ತಾ ಓದುವುದುಂಟು. ನಮಗೆ ಇದು ನಗೆಯ ವಿಷಯವಲ್ಲ. ತನ್ನಂತಿರುವವನನ್ನೇ ಹುಡುಕುತ್ತಾ ಹೋದವನಿಗೆ ಎದುರಿಗಿದ್ದವನು ಕಾಣಿಸಲಿಲ್ಲ ಎಂಬುದು ಅದರ ಅರ್ಥ. ಮುಂದೆ ಕೇರಳದಲ್ಲಿ ನಿಜವಾದ ಪ್ರಾಚೀನ ಕ್ರೈಸ್ತರೇ ದೊರೆತಾಗ, ಅವರೂ ಸಾಕಷ್ಟು ತಮ್ಮಂತಿಲ್ಲವೆಂದು 1599ರಲ್ಲಿ ಉದಯಂಪೇರೂರಿನ ಸಭೆಯಲ್ಲಿ ಅವರನ್ನು ತಿದ್ದಹೊರಟ ಚರಿತ್ರೆ ನಮ್ಮ ವಾಚಕರಿಗೆ ತಿಳಿದದ್ದೇ.

ದಿನಚರಿಯಲ್ಲಿ ಸಾಮೂದಿರಿಯ ಒಂದು ಪ್ರಶ್ನೆ ದಾಖಲಾಗಿದೆ. ಆ ಅಪರಾಧಿಯ ಉತ್ತರಕ್ಕಿಂತ ಇದನ್ನೇ ಪ್ರಸಂಗಿಗಳು ಎತ್ತಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. ಗಾಮನು ಅರಸನಿಗೆಂದು ತಂದ ಕಾಣಿಕೆಗಳು ಬಟ್ಟೆಯ ತುಂಡುಗಳು, ಟೋಪಿಗಳು, ಹವಳದ ಸರಗಳು, ಕೈತೊಳೆಯುವ ಬೋಗುಣಿಗಳು, ಎಣ್ಣೆ, ಜೇನು, ಒಂದು ಪೆಟ್ಟಿಗೆ ಸಕ್ಕರೆ. ಅಧಿಕಾರಿಗಳು ನಕ್ಕರು. ಕಬ್ಬಿನ ನಾಡಿಗೆ ಸಕ್ಕರೆಯ ಕಾಣಿಕೆ! ಹೆನ್ರಿಯ ಕಾಲದಿಂದಲೇ ಪೋರ್ಚುಗೀಸರು ಮದೀರಾ ದ್ವೀಪದಲ್ಲಿ ಕಬ್ಬು ಬೆಳೆಸಿ, ಅದರ ಗಾಣಗಳಿಗೆ ದಾಸರನ್ನು ಒದಗಿಸುತ್ತಿದ್ದರು. ಅವರ ಯುರೋಪಿನಲ್ಲಿ ಸಕ್ಕರೆ ಅಮೂಲ್ಯ ವಸ್ತು. ಸಾಮೂದಿರಿಯಾದರೋ ಗಾಮನನ್ನು, ನೀನು ಕಂಡುಹಿಡಿಯಲು ಬಂದದ್ದು ಕಲ್ಲುಗಳನ್ನೋ ಮನುಷ್ಯರನ್ನೋ, ಮನುಷ್ಯರನ್ನಾದರೆ ಬರಿಗೈಯಲ್ಲಿ ಏಕೆ ಬಂದೆ ಎಂಬರ್ಥದಲ್ಲಿ ಕೇಳಿದನು. ಒಬ್ಬ ಅನ್ಯಧರ್ಮದ ಅರಸನು ಕೇಳಿದ ಈ ಪ್ರಶ್ನೆಯ ಮುಂದೆ ಜುರಾರನ ಐದು ಕಾರಣಗಳೂ ಹಗುರವಾಗಿ ಕಾಣುತ್ತವೆ.

ಈಗ ನಮ್ಮ ಕನ್ನಡ ಕರಾವಳಿಗೆ ಬರೋಣ. 1498ರ ಆಗಸ್ಟಿನ ಕೊನೆಯಲ್ಲಿ ಗಾಮನು ಕಲ್ಲಿಕೋಟೆಯನ್ನು ಬಿಟ್ಟು ಉತ್ತರಕ್ಕೆ ತಿರುಗಿದನು. ಊರಿಗೆ ತೋರಿಸಲೆಂದು ಕೆಲವರನ್ನು ಹಿಡಿದುಕೊಂಡೇ ಹೊರಟಿದ್ದನು. ದಾರಿಯಲ್ಲಿ ಒಂದು ನಡುಗಡ್ಡೆಯ ಮೇಲೆ ಸಂತ ಮರಿಯಳ ಹೆಸರಿನ ಕಲ್ಲುಕಂಬವನ್ನು ನಿಲ್ಲಿಸಿದನು. ಮಲ್ಪೆಯ ಎದುರಿನ ದ್ವೀಪಗಳಿಗೆ ಸೇಂಟ್ ಮೇರಿ ಎಂಬ ಹೆಸರು ಅದರಿಂದಲೇ ಬಂದಿತೆನ್ನುತ್ತಾರೆ. ಸೆಪ್ಟೆಂಬರ್ ತಿಂಗಳಿನಲ್ಲಿ ಅವನ ಹಡಗುಗಳು ಅಂಜದೀವವನ್ನು ಸೇರಿದವು. ಈ ಪುಟ್ಟ ದ್ವೀಪ ಕಾರವಾರದ ದಕ್ಷಿಣಕ್ಕೆ, ಬಿಣಗಾದ ಕಡೆಯ ದಡದಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲಿದೆ. ಆಡಳಿತದಲ್ಲಿ ಗೋವೆಗೆ ಸೇರಿದ್ದು, ಈಗ ನೌಕಾಪಡೆಯ ವಶದಲ್ಲಿದೆ. ಹಡಗುಗಳನ್ನು ದಡಕ್ಕೆಳೆದು ತಳ ಕೆರೆದು ಶುದ್ಧಮಾಡಿದರು, ಸಿಹಿನೀರು ತುಂಬಿಕೊಂಡರು. ಕಾಡಿನ ದಾಲ್ಚಿನ್ನಿಯ ಕೊಂಬೆಗಳನ್ನು ಕಂಡು ಹಿಗ್ಗಿದರು.

ಅಲ್ಲಿಗೆ ಸುಮಾರು ನಲವತ್ತು ವಯಸ್ಸಿನ ಒಬ್ಬ ಮನುಷ್ಯನು ಬಂದನು. ಮೈಮೇಲೆ ನಾರುಬಟ್ಟೆ, ತಲೆಗೆ ರುಮಾಲು, ಸೊಂಟದಲ್ಲಿ ಕತ್ತಿ. ಬಾಯಲ್ಲಿ ಮಾತ್ರ ವೆನಿಸ್ ನಗರದ ಭಾಷೆ. ಹಳೆಯ ಗೆಳೆಯರನ್ನು ಕಂಡವನಂತೆ ಅವನು ನಾವಿಕರನ್ನು ಅಪ್ಪಿಕೊಂಡನು. ತಾನು ಚಿಕ್ಕಂದಿನಲ್ಲಿಯೇ ಪಶ್ಚಿಮದಿಂದ ಈ ಕಡೆಗೆ ಬಂದವನು, ಗೋವೆಯ ಒಡೆಯನ ಸೇವೆಯಲ್ಲಿರುವವನು, ಹೊರಗೆ ಮುಸಲ್ಮಾನನಾದರೂ ಹೃದಯದಲ್ಲಿ ಕ್ರೈಸ್ತನು ಎಂದೆಲ್ಲ ಹೇಳಿದನು. ಆ ಗೋವೆಯ ಒಡೆಯನು ಬಿಜಾಪುರದ ಯೂಸುಫ್ ಆದಿಲ್ ಖಾನ್. ಸಾವಳಗಿಯ ಸೀಮೆಯೂ ಬಿಜಾಪುರದ ಆಳಿಕೆಗೆ ಸೇರಿದ್ದೇ. ಸಾವಳಗಿಯ ಹಿರಿಯರಿಗೆ ನಾವು ಹೇಳಬೇಕಾಗಿದ್ದ ಸಂಬಂಧ ಇದು. ಹಡಗಿನವರಿಗೆ ಅನುಮಾನ ಬಂತು. ಅವನನ್ನು ಕಟ್ಟಿ ಚಾವಟಿಯಿಂದ ಹೊಡೆದರು. ಗೂಢಚಾರನೆಂದು ಅವನ ಬಾಯಿ ಬಿಡಿಸಿ ಹಡಗಿನಲ್ಲಿಟ್ಟುಕೊಂಡು ಹೊರಟರು. ಸಮುದ್ರದ ನಡುವೆ, ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಕಂಡಾಗ, ತನ್ನೊಡೆಯನು ಈ ಪರದೇಶಿಯರನ್ನು ತನ್ನ ಊರಿಗೆ ಸೆಳೆದು, ನೆರೆಯ ಅರಸರ ಮೇಲಿನ ಯುದ್ಧಗಳಲ್ಲಿ ದುಡಿಸಿಕೊಳ್ಳಲು ಬಯಸಿದ್ದನೆಂದು ಅವನು ಹೇಳಿದನಂತೆ. ನೆರವಿಗಾಗಿ ಕ್ರೈಸ್ತ ಅರಸನನ್ನು ಹುಡುಕುತ್ತಾ ಬಂದವರನ್ನು ಇಲ್ಲಿಯ ಅರಸನೊಬ್ಬನು ತನ್ನ ನೆರವಿಗೆ ಹುಡುಕುತ್ತಿದ್ದನು!

ಆ ಮನುಷ್ಯನು ಹುಟ್ಟಿನಿಂದ ಯೆಹೂದ್ಯನೆಂದು ಪೋರ್ಚುಗೀಸ್ ಇತಿಹಾಸಕಾರರು ತಿಳಿಸುತ್ತಾರೆ. ಅವನಿಗೆ ದೀಕ್ಷಾಸ್ನಾನವಾಯಿತು. ಅವನಿಗೆ ಚಾವಟಿಯ ಪೆಟ್ಟು ಕೊಡಿಸಿದ ನಾಯಕನ ಮನೆತನದ ಹೆಸರೇ ಅವನ ಹೆಸರಾಯಿತು: ಗಾಸ್ಪರ್ ದ ಗಾಮಾ. 1500ರಲ್ಲಿ ಕಬ್ರಾಲನ ನೌಕಾಪಡೆಯಲ್ಲಿ ದುಭಾಷಿಯಾಗಿ ಅವನು ಮತ್ತೆ ಹಿಂದೂ ಮಹಾಸಾಗರಕ್ಕೆ ಬಂದನು. ಎಂಟು ಮಂದಿ ಫ್ರಾನ್ಸಿಸ್ಕನ್ ಸನ್ಯಾಸಿಗಳನ್ನು ಕಟ್ಟಿಕೊಂಡು ಬಂದ ಆ ಹಡಗುಗಳಿಂದಲೇ ನಮ್ಮ ಸಭಾಚರಿತ್ರೆಯ ಕೆಲವು ಪುಸ್ತಕಗಳು ಅಧ್ಯಾಯವನ್ನು ಆರಂಭಿಸುತ್ತವೆ. ನಾವು ಓದಿದ ಯಾವ ಕನ್ನಡ ಪಠ್ಯದಲ್ಲಿಯೂ ಅಂಜದೀವದ ಆ ಮನುಷ್ಯನಿಗೆ ಒಂದು ಸಾಲಿಗಿಂತ ಹೆಚ್ಚು ಜಾಗ ಸಿಕ್ಕಿಲ್ಲ. ಕನ್ನಡ ಕರಾವಳಿಯಲ್ಲಿ ಆ ಪ್ರಯಾಣದಿಂದ ಸಭೆಗೆ ದೊರೆತ ಮೊದಲ ‘ಫಲ’ ಅವನೇ ಅಲ್ಲವೆ?

ಮುಂದಿನದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1505ರಲ್ಲಿ ಅಲ್ಮೇಯ್ದನು ಅಂಜದೀವದಲ್ಲಿ ಕೋಟೆ ಕಟ್ಟಿಸತೊಡಗಿ, ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟನು. 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಹಿಡಿದು, ಕಳೆದುಕೊಂಡು, ಸಂತ ಕ್ಯಾಥರೀನಳ ಹಬ್ಬವಾದ ನವೆಂಬರ್ 25ರಂದು ಮತ್ತೆ ಹಿಡಿದನು. ಊರಿನ ಮುಸಲ್ಮಾನರನ್ನು ಕೊಲ್ಲಿಸಿ, ಸುಮಾರು ಆರು ಸಾವಿರ ಮಂದಿ ಸತ್ತರೆಂದು ಅರಸನಿಗೆ ಪತ್ರ ಬರೆದನು. ಅವನನ್ನು ಗೋವೆಯ ಕಡೆಗೆ ತಿರುಗಿಸಿದವನು ಹೊನ್ನಾವರದ ತಿಮೋಜ; ಅವನಿಗೆ ಅವನದೇ ಹಗೆ, ಅವನದೇ ಲೆಕ್ಕಾಚಾರ. ಬಂದವರೆಲ್ಲ ಕೊಲೆಗಡುಕರು, ಇಲ್ಲಿದ್ದವರೆಲ್ಲ ಮುಗ್ಧರು ಎಂಬ ಇನ್ನೊಂದು ಸುಲಭದ ಕಥೆಗೂ ಈ ಮೂಲಗಳು ಒಪ್ಪುವುದಿಲ್ಲ. ಅಂದಹಾಗೆ, ಕರಿಮೆಣಸಿಗಾಗಿ ಬಂದವರೇ ಅಮೆರಿಕದ ಮೆಣಸಿನಕಾಯಿಯನ್ನು ಇಲ್ಲಿಗೆ ತಂದರು. ಪ್ರಾರ್ಥನಾಕೂಟದ ನಂತರ ಜೋಳದ ರೊಟ್ಟಿಯೊಡನೆ ನಮಗೆ ಬಡಿಸಿದ ಕೆಂಪು ಚಟ್ನಿಯೂ ಹಡಗಿನಲ್ಲಿಯೇ ಬಂದದ್ದು. ಅದನ್ನು ಪರದೇಶದ್ದೆಂದು ಯಾರೂ ಹಂಗಿಸುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆಯೂ ದೇವರು ಅದನ್ನು ಬಳಸಿಕೊಂಡನು ಎಂಬ ವಾಡಿಕೆಯ ಉತ್ತರ ನಿಲ್ಲುತ್ತದೆಯೆ? ಅದಕ್ಕೆ ಸಾಮಾನ್ಯವಾಗಿ ಎರಡು ವೇದಭಾಗಗಳನ್ನು ಆಧಾರವಾಗಿ ಕೊಡುತ್ತಾರೆ. ಒಂದು, ಯೆಶಾಯನ 45ನೆಯ ಅಧ್ಯಾಯದ ಕೋರೆಷನು: ದೇವರನ್ನು ಅರಿಯದೆಯೇ ದೇವರ ಅಭಿಷಿಕ್ತನಾದ ಅರಸನು. ಆದರೆ ಕೋರೆಷನು ಸೆರೆಯವರನ್ನು ಬಿಡಿಸಿ ಊರಿಗೆ ಕಳುಹಿಸಿದವನು. ಜುರಾರನ ಹಡಗುಗಳೂ ಗಾಮನ ಹಡಗುಗಳೂ ಜನರನ್ನು ಊರಿನಿಂದ ಸೆರೆಗೆ ಒಯ್ದವು. ಹೋಲಿಕೆ ಅಲ್ಲಿಗೇ ಮುರಿದುಬೀಳುತ್ತದೆ. ಹಡಗು, ಸರಕು, ಮನುಷ್ಯರು ಒಟ್ಟಿಗೆ ಬರುವ ವೇದಭಾಗ ಬೇಕಾದರೆ ಪ್ರಕಟನೆಯ 18ನೆಯ ಅಧ್ಯಾಯವಿದೆ: ಚಿನ್ನದಿಂದ ಆರಂಭವಾಗಿ ಲವಂಗಚಕ್ಕೆ, ಧೂಪ, ಕುದುರೆಗಳನ್ನು ಹಾದು ಮನುಷ್ಯಪ್ರಾಣಗಳಲ್ಲಿ ಮುಗಿಯುವ ಸರಕಿನ ಪಟ್ಟಿ, ದೂರದಲ್ಲಿ ನಿಂತು ಗೋಳಾಡುವ ನಾವಿಕರು.

ಎರಡನೆಯ ಆಧಾರ ಹೆಚ್ಚು ಗಂಭೀರವಾದದ್ದು. ಆದಿಕಾಂಡದ ಕೊನೆಯಲ್ಲಿ ಯೋಸೇಫನು ತನ್ನ ಅಣ್ಣಂದಿರಿಗೆ, ನೀವು ಮಾಡಿದ್ದು ಕೇಡಿಗಾಗಿ, ದೇವರು ಅದನ್ನು ಮೇಲಿಗಾಗಿ ತಿರುಗಿಸಿದನು ಎಂಬರ್ಥದ ಮಾತು ಹೇಳುತ್ತಾನೆ. ನಾವು ಸಾವಳಗಿಯಲ್ಲಿ ಕೊಟ್ಟ ಉತ್ತರದ ಬೇರು ಇದೇ ಮಾತು. ಅದನ್ನು ನಾವು ಎಷ್ಟು ಪ್ರಸಂಗಗಳಲ್ಲಿ ಬಳಸಿದ್ದೇವೆಂದು ಲೆಕ್ಕವಿಲ್ಲ. ಆ ಮಾತನ್ನು ಆಡುವವನು ಯಾರೆಂದು ಮಾತ್ರ ಒಮ್ಮೆಯೂ ನಿಂತು ನೋಡಲಿಲ್ಲ. ಅದನ್ನು ಆಡಿದವನು ಗುಂಡಿಗೆ ಬಿದ್ದವನು, ಮಾರಲ್ಪಟ್ಟವನು. ಅಣ್ಣಂದಿರು ಆ ಮಾತನ್ನು ಆಡಲಿಲ್ಲ. ಆಡುವ ಹಕ್ಕು ಅವರಿಗಿರಲಿಲ್ಲ. ಮಾರಿದವರೇ, ಹೇಗಿದ್ದರೂ ಐಗುಪ್ತದಲ್ಲಿ ಧಾನ್ಯ ಸಿಕ್ಕಿತಲ್ಲ, ದೇವರು ದೊಡ್ಡವನು ಎಂದಿದ್ದರೆ ಅದು ವಿಶ್ವಾಸವಲ್ಲ, ದೇವದೂಷಣೆ. ದೈವಸಂಕಲ್ಪವನ್ನು ಕುರಿತ ಅರಿಕೆ ಸತ್ಯವಾಗುವುದೂ ಸುಳ್ಳಾಗುವುದೂ ಅದನ್ನು ಯಾರ ಬಾಯಿ ಆಡುತ್ತದೆ ಎಂಬುದರ ಮೇಲೆ ನಿಂತಿದೆ. ಲಾಗೋಸಿನ ಬಯಲಿನಿಂದ ಮಠಕ್ಕೆ ಹೋದ ಆ ಹುಡುಗನು ವೃದ್ಧಾಪ್ಯದಲ್ಲಿ ಯೋಸೇಫನಂತೆ ಮಾತನಾಡಿದ್ದರೆ ನಾವು ತಲೆಬಾಗಿ ಕೇಳಬೇಕು. ಗಾಸ್ಪರನು ಹಾಗೆ ಹೇಳಿದ್ದರೆ ಕೇಳಬೇಕು. ಅವರ ಪರವಾಗಿ ಜುರಾರನು ಹೇಳಿದಾಗ, ಐನೂರು ವರ್ಷಗಳ ನಂತರ ಸುಖವಾಗಿ ಕುಳಿತ ಬೋಧಕರಾದ ನಾವು ಹೇಳಿದಾಗ, ಅದು ಅಣ್ಣಂದಿರ ಬಾಯಿಂದ ಬಂದ ಮಾತಾಗುತ್ತದೆ.

ಇದಕ್ಕೆ ಆಕ್ಷೇಪವಿದೆಯೆಂದು ನಾವು ಬಲ್ಲೆವು. ಹಾಗಾದರೆ ಚರಿತ್ರೆಯಲ್ಲಿ ದೇವರ ಕಾರ್ಯವನ್ನು ಸಭೆಯು ಅರಿಕೆಮಾಡುವುದೇ ಬೇಡವೆ ಎಂದು ಕೇಳಬಹುದು. ಬೇಕು. ಆದರೆ ಅರಿಕೆಯು ಅಣ್ಣಂದಿರ ಕಡೆಯಿಂದ ಆರಂಭವಾಗುವುದಾದರೆ ಅದು ಪಾಪದ ಅರಿಕೆಯಾಗಿ ಆರಂಭವಾಗಬೇಕು. ಆದಿಕಾಂಡದಲ್ಲಿಯೂ ಕ್ರಮ ಅದೇ: ತಮ್ಮನ ಗೋಳನ್ನು ಕಂಡೂ ಕೇಳಲಿಲ್ಲವೆಂದು ಅಣ್ಣಂದಿರು ಒಪ್ಪಿಕೊಳ್ಳುವುದು 42ನೆಯ ಅಧ್ಯಾಯದಲ್ಲಿ; ಯೋಸೇಫನ ಮಾತು 50ನೆಯದರಲ್ಲಿ. ಆ ಎಂಟು ಅಧ್ಯಾಯಗಳನ್ನು ನಮ್ಮ ಪ್ರಸಂಗಗಳು ಜಿಗಿದುಬಿಡುತ್ತವೆ.

ಕೆಲವು ವಾರಗಳ ನಂತರ ನಾವು ಮತ್ತೆ ಸಾವಳಗಿಗೆ ಹೋದೆವು. ಮೊದಲ ಉತ್ತರವನ್ನು ಹಿಂದೆಗೆದುಕೊಂಡೆವು. ನಿಮ್ಮ ಮೊಮ್ಮಗನಿಗೆ ಕೇಳಿದ ಹುಡುಗರ ಮಾತಿನಲ್ಲಿ ತಪ್ಪೂ ಇದ್ದೀತು, ಸತ್ಯವೂ ಇದೆ ಎಂದೆವು. ತಪ್ಪೇಕೆಂದರೆ, ಗಾಮನ ಹಡಗು ನಿಮ್ಮ ವಿಶ್ವಾಸವನ್ನು ಹೊತ್ತು ತರಲಿಲ್ಲ, ಅದನ್ನು ಕೊಡಬೇಕೆಂಬುದು ಅದರ ಉದ್ದೇಶವೂ ಆಗಿರಲಿಲ್ಲ. ಇತ್ತ ಒಳನಾಡಿನಲ್ಲಿ ಮುದಗಲ್ಲಿನ ಕ್ರೈಸ್ತರು ಆದಿಲ್ ಶಾಹಿಗಳ ಫರ್ಮಾನು ಪಡೆದು ಬಾಳಿದವರು, ಗುಳೇದಗುಡ್ಡಕ್ಕೆ ಬಾಸೆಲ್ ಮಿಶನ್ ಬಂದದ್ದು 1851ರಲ್ಲಿ, ಬಿಜಾಪುರಕ್ಕೆ 1885ರಲ್ಲಿ. ಸತ್ಯವೇನೆಂದರೆ, ಆ ಹಡಗಿನವರು ಕ್ರಿಸ್ತನ ಹೆಸರನ್ನು ಹೇಳುತ್ತಲೇ ಬಂದರು, ಆ ಹೆಸರನ್ನು ಹೇಳುತ್ತಲೇ ಹೊಡೆದರು, ಅದನ್ನು ಅಲ್ಲಗಳೆಯಬಾರದು. ಬಳಿಕ ಅಂಜದೀವದ ಕಥೆಯನ್ನು ಪೂರ್ತಿಯಾಗಿ ಹೇಳಿದೆವು. ಹಿರಿಯರು ನಡುವೆ ಮಾತನಾಡದೆ ಕೇಳಿದರು. ಮುಗಿದ ಮೇಲೆ, ‘ಗಾಸ್ಪರ ಅನ್ನೂದು ಅವರು ಇಟ್ಟ ಹೆಸರ್ರಿ. ಅವರವ್ವ ಅಂವಗ ಏನಂತ ಕರೀತಿದ್ಲು?’ ಎಂದು ಕೇಳಿದರು.

ದಿನಚರಿಕಾರನು ಅವನನ್ನು ಒಮ್ಮೆಯೂ ಹೆಸರಿನಿಂದ ಕರೆಯುವುದಿಲ್ಲ, ಆ ಮನುಷ್ಯ ಎಂದಷ್ಟೇ ಬರೆಯುತ್ತಾನೆ ಎಂದೆವು. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಮ್ಮಗನನ್ನು ಒಳಗಿನಿಂದ ಕರೆದು ನಮ್ಮ ಎದುರಿಗೆ ಕೂರಿಸಿ, ‘ಮೊದಲಿಂದ ಇನ್ನೊಮ್ಮಿ ಹೇಳ್ರಿ ಅಯ್ಯನವರ’ ಎಂದರು.